ಒಪ್ಪಂದ ಪತ್ರ ಕೈಗೆ ಬಂದಿತೇ?

ಮೈಸೂರು, ಮಂಡ್ಯ ಸೀಮೆಯ ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಐಟಿಐ ಎಲೆಕ್ಟ್ರಿಷಿಯನ್ ಓದುತ್ತಿರುವ ಮಗನೋ ಮಗಳೋ ಇದ್ದರೆ ದಯವಿಟ್ಟು ಅವರನ್ನೂ ರೇಡಿಯೊ ಹತ್ತಿರ ಕರೆಯಿರಿ. ಮೂವತ್ತು ವರ್ಷ ಇಂಥ ಮಕ್ಕಳಿಗೆ ಪಾಠ ಹೇಳಿದ ನಾನು ಇಂದು ಒಂದೇ ಮಾತು ಹೇಳಲು ಬಂದಿದ್ದೇನೆ. ತರಬೇತಿ ಕೊಡುವ ಮಾಲೀಕರ ಜೊತೆ ಮಾಡಿಕೊಂಡ ಒಪ್ಪಂದ ಪತ್ರ ಕೈಗೆ ಬರುವ ತನಕ ನೀವು ಅಪ್ರೆಂಟಿಸ್ ಅಲ್ಲ.

ಐಟಿಐನಲ್ಲಿ 2 ವರ್ಷ ಕಲಿತವರು ಕಾರ್ಖಾನೆಯಲ್ಲೋ ಕಾರ್ಯಾಗಾರದಲ್ಲೋ ಇನ್ನೊಂದು ವರ್ಷ ನಿಜವಾದ ಯಂತ್ರಗಳ ಮೇಲೆ ಕೈ ಪಳಗಿಸುವುದೇ ಅಪ್ರೆಂಟಿಸ್ ತರಬೇತಿ. ಇದಕ್ಕೆ 1961ರ ಕಾಯಿದೆ ಇದೆ. ತಿಂಗಳು ತಿಂಗಳು ಶಿಷ್ಯವೇತನ, ಕೊನೆಯಲ್ಲಿ ಪರೀಕ್ಷೆ, ಪಾಸಾದರೆ ದೇಶದಲ್ಲೆಲ್ಲ ನಡೆಯುವ ಪ್ರಮಾಣಪತ್ರ. ಇಷ್ಟೂ ಸಿಗುವುದು ಒಪ್ಪಂದ ನೋಂದಣಿಯಾದವರಿಗೆ ಮಾತ್ರ.

ಮದ್ದೂರಿನ ಕಡೆಯ ಒಬ್ಬ ಹುಡುಗ ನನ್ನ ವಿದ್ಯಾರ್ಥಿಯಾಗಿದ್ದ. ಎಂಥ ಚುರುಕು ಕೈ! ವೈರಿನ ತುದಿ ಸುಲಿದರೆ ತಾಮ್ರದ ಒಂದು ಎಳೆಯೂ ತುಂಡಾಗುತ್ತಿರಲಿಲ್ಲ. ಪಾಸಾದ ತಿಂಗಳಲ್ಲೇ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಡೆ ಪ್ಯಾನೆಲ್ ಬೋರ್ಡ್ ಕೆಲಸಕ್ಕೆ ಸೇರಿದ. "ಅಪ್ರೆಂಟಿಸ್ ಸಿಕ್ಕಿತು ಸರ್" ಎಂದು ಸಿಹಿ ತಂದುಕೊಟ್ಟ. ತಿಂದೆ, ಬೆನ್ನು ತಟ್ಟಿದೆ. ಒಪ್ಪಂದ ಪತ್ರ ಎಲ್ಲಿ ಎಂದು ಕೇಳಲಿಲ್ಲ. ಕೇಳಬೇಕಿತ್ತು.

ಎಂಟನೆಯ ತಿಂಗಳು. ಇವನು ಬಸ್‌ಬಾರಿನ, ಅಂದರೆ ಬೋರ್ಡಿನೊಳಗೆ ವಿದ್ಯುತ್ ಹರಿಯುವ ಲೋಹದ ಪಟ್ಟಿಯ, ಬೋಲ್ಟ್ ಬಿಗಿ ಮಾಡುತ್ತಿದ್ದಾನೆ, ಅತ್ತ ಯಾರೋ ಮೇನ್ ಸ್ವಿಚ್ ಹಾಕಿದರು. ಸ್ಪ್ಯಾನರ್ ಒಟ್ಟಿಗೇ ಎರಡು ಫೇಸ್‌ಗಳಿಗೆ, ಅಂದರೆ ಎರಡು ವಿದ್ಯುತ್ ಲೈನುಗಳಿಗೆ ತಾಗಿ ಬೆಂಕಿ ಎದ್ದಿತು. ಬಲಗೈ ಮೊಣಕೈವರೆಗೆ ಸುಟ್ಟಿತು. ಆಸ್ಪತ್ರೆಗೆ ಸೇರಿಸಿದ ಮಾಲೀಕರು ಮೂರನೆಯ ದಿನ ಬಂದು, "ಇವನು ನಮ್ಮ ಲೆಕ್ಕದಲ್ಲಿ ಇಲ್ಲ" ಎಂದರು. ಹೌದು, ಯಾವ ಕಾಗದದಲ್ಲೂ ಅವನ ಹೆಸರು ಇರಲಿಲ್ಲ. ಮನೆಯವರ ಆ ವರ್ಷದ ಕಬ್ಬಿನ ಹಣ ಪೂರ್ತಿ ಆಸ್ಪತ್ರೆಗೆ ಹೋಯಿತು. "ಮೇಷ್ಟ್ರೇ, ಇವನು ಎಂಟು ತಿಂಗಳು ಹೋಗಿಬಂದದ್ದು ಎಲ್ಲಿಗೆ?" ಎಂದು ಅವನ ತಂದೆ ವಾರ್ಡಿನ ಹೊರಗೆ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ನೋಂದಾಯಿತ ಅಪ್ರೆಂಟಿಸ್‌ಗೆ ತರಬೇತಿಯಲ್ಲಿ ಗಾಯವಾದರೆ ಪರಿಹಾರ ಕೊಡುವುದು ಮಾಲೀಕರ ಹೊಣೆ ಎಂದು ಕಾಯಿದೆಯಲ್ಲೇ ಬರೆದಿದೆ. ಒಂದು ಪತ್ರ ಇದ್ದಿದ್ದರೆ!

ಕೈ ವಾಸಿಯಾಯಿತು. ಮರುವರ್ಷ ನೈಋತ್ಯ ರೈಲ್ವೆಯ ಪ್ರಕಟಣೆ ಬಂದಾಗ ನಾನೇ ಕೂತು ಅರ್ಜಿ ಹಾಕಿಸಿದೆ. ಅಲ್ಲಿ ಲಿಖಿತ ಪರೀಕ್ಷೆ ಇಲ್ಲ, ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಮೇಲೆ ಪಟ್ಟಿ ಮಾಡುತ್ತಾರೆ. ಅಶೋಕಪುರಂನ ರೈಲ್ವೆ ಕಾರ್ಯಾಗಾರದಲ್ಲಿ ಜಾಗ ಸಿಕ್ಕಿತು. ಈ ಸಲ ಸಿಹಿ ಕೊಡುವ ಮೊದಲು ಒಪ್ಪಂದ ಪತ್ರ ತೋರಿಸಿದ.

ಅವನ ಕಥೆಯಲ್ಲೇ ಹೆಚ್ಚು ಸಮಯ ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿ. ಇದು ಉಚಿತ, ಮಧ್ಯೆ ದುಡ್ಡು ಕೇಳುವವರ ಹತ್ತಿರ ನಿಲ್ಲಲೂ ಬೇಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ಇರಲಿ. ಸರ್ಕಾರದ ಪಾಲಿನ ಶಿಷ್ಯವೇತನ ನೇರವಾಗಿ ಬ್ಯಾಂಕ್ ಖಾತೆಗೇ ಬೀಳುತ್ತದೆ. 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಹೆಬ್ಬಾಳ, ಮೇಟಗಳ್ಳಿ, ಕೂರ್ಗಳ್ಳಿಯಲ್ಲಿ ಅಂಥ ಗೇಟುಗಳು ಎಷ್ಟೋ ಇವೆ. ಹೋಗಿ ಕೇಳಿ, ಸಂಕೋಚ ಏಕೆ? ಹೆಣ್ಣುಮಕ್ಕಳೂ ಹೋಗಿ. ಒಪ್ಪಂದ ಪತ್ರ ಕೇಳಿದರೆ "ಆಮೇಲೆ ನೋಡೋಣ" ಎನ್ನುತ್ತಾರೆ. ಆ "ಆಮೇಲೆ" ಬಂದದ್ದನ್ನು ನಾನಂತೂ ಕಂಡಿಲ್ಲ. ಅಲ್ಲಿಂದ ಎದ್ದು ಮುಂದಿನ ಗೇಟಿಗೆ ನಡೆಯಿರಿ.

ತಾಯಂದಿರೇ, ತಂದೆಯರೇ, ಮಗುವಿಗೆ 18 ತುಂಬದಿದ್ದರೆ ಆ ಪತ್ರಕ್ಕೆ ಸಹಿ ಹಾಕಬೇಕಾದವರು ನೀವು. ಟ್ರೇಡಿನ ಅಂದರೆ ಕಲಿಯುವ ಕಸುಬಿನ ಹೆಸರು, ಶುರುವಾಗುವ ಮತ್ತು ಮುಗಿಯುವ ದಿನಾಂಕ, ಶಿಷ್ಯವೇತನದ ಮೊತ್ತ, ಇಷ್ಟನ್ನು ಓದಿಸಿ ಕೇಳಿ, ಆಮೇಲೆ ಸಹಿ ಮಾಡಿ. ಒಂದು ಪ್ರತಿಯನ್ನು ರೇಷನ್ ಕಾರ್ಡಿನ ಜೊತೆ ಎತ್ತಿಡಿ. ನಮಸ್ಕಾರ.