ಕೊನೆಯ ಒದೆಯಲ್ಲ, ಮೊದಲ ಪಾಠ: ‘ದ ಕರಾಟೆ ಕಿಡ್’ ನೋಡಬೇಕೇ?

ಎಲ್ಲರಿಗೂ ನಮಸ್ಕಾರ.

ಈ ಸಭೆಯಲ್ಲಿ ಹೈಸ್ಕೂಲಿನ ಮಕ್ಕಳೂ ಇದ್ದಾರೆ, ಅವರನ್ನು ಕರಾಟೆ ಕ್ಲಾಸಿಗೆ ಬಿಟ್ಟು ಬರುವ ಅಪ್ಪ ಅಮ್ಮಂದಿರೂ ಇದ್ದೀರಿ. ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. 1984ರಲ್ಲಿ ಬಂದ ‘ದ ಕರಾಟೆ ಕಿಡ್’ ಖಂಡಿತ ನೋಡಬೇಕಾದ ಚಿತ್ರ. ಕೊಕ್ಕರೆಯ ಹಾಗೆ ಎರಡೂ ಕೈ ಚಾಚಿ, ಒಂಟಿಕಾಲಲ್ಲಿ ನಿಂತು ಹುಡುಗ ಒದೆಯುವ ಆ ಕೊನೆಯ ದೃಶ್ಯಕ್ಕಾಗಿ ಎಷ್ಟೋ ಜನ ಅದನ್ನು ನೆನಪಿಟ್ಟುಕೊಂಡಿದ್ದಾರೆ. ನನ್ನ ಮಟ್ಟಿಗೆ ಚಿತ್ರದ ಜೀವ ಅಲ್ಲಿಲ್ಲ. ಅದರಲ್ಲಿ ಇಬ್ಬರು ಗುರುಗಳಿದ್ದಾರೆ. ನಿಜವಾದ ಕಾಳಗ ನಡೆಯುವುದು ಅವರಿಬ್ಬರ ಪಾಠಗಳ ನಡುವೆ.

ಕಥೆ ಸರಳ. ಡೇನಿಯಲ್ ಎಂಬ ಹುಡುಗ, ತಂದೆ ಇಲ್ಲ. ತಾಯಿಗೆ ಹೊಸ ಕೆಲಸ ಸಿಕ್ಕಿತೆಂದು ನ್ಯೂಜೆರ್ಸಿ ಬಿಟ್ಟು ಲಾಸ್ ಏಂಜಲಿಸ್‌ನ ರೆಸೀಡಾ ಎಂಬ ಬಡಾವಣೆಗೆ ಬರುತ್ತಾನೆ. ಅಲ್ಲಿನ ಒಂದು ಹುಡುಗಿಯ ಜೊತೆ ಮಾತಾಡಿದ್ದಕ್ಕೆ ಜಾನಿ ಮತ್ತು ಅವನ ಗೆಳೆಯರು ಕಾಟ ಕೊಡಲು ಶುರುಮಾಡುತ್ತಾರೆ. ಅವರೆಲ್ಲ ‘ಕೋಬ್ರಾ ಕೈ’ ಎಂಬ ಕರಾಟೆ ಶಾಲೆಯ ವಿದ್ಯಾರ್ಥಿಗಳು. ಡೇನಿಯಲ್ ಇರುವ ಅಪಾರ್ಟ್‌ಮೆಂಟಿನಲ್ಲಿ ನಲ್ಲಿ ರಿಪೇರಿ ಮಾಡಿಕೊಂಡು, ಬೋನ್ಸಾಯ್ ಗಿಡ ಕತ್ತರಿಸಿಕೊಂಡು ಇರುವ ಮುದುಕ ಮಿಯಾಗಿ ಜಪಾನಿನ ಒಕಿನಾವಾ ದ್ವೀಪದವನು. ಅವನಿಗೆ ಕರಾಟೆ ಗೊತ್ತು ಎಂಬುದು ಅಲ್ಲಿ ಯಾರಿಗೂ ಗೊತ್ತಿಲ್ಲ.

ಮಕ್ಕಳೇ, ಒಂದು ವಿಷಯ ಗಮನಿಸಿ. ಡೇನಿಯಲ್ ಕೂಡ ಸಾಧುವಲ್ಲ. ವೇಷ ಹಾಕಿಕೊಳ್ಳುವ ಹಬ್ಬವಾದ ಹ್ಯಾಲೋವೀನ್ ರಾತ್ರಿ ಶೌಚಾಲಯದಲ್ಲಿ ಸುಮ್ಮನೆ ಕೂತಿದ್ದ ಜಾನಿಯ ಮೇಲೆ ಪೈಪ್ ಹಿಡಿದು ನೀರು ಸುರಿಯುವವನು ಅವನೇ. ಅದಕ್ಕೆ ಅವನು ತಿನ್ನುವ ಏಟು ಮಾತ್ರ ವಿಪರೀತ. ಅಸ್ಥಿಪಂಜರದ ವೇಷದ ಐವರು ಸೇರಿ ಒಬ್ಬನನ್ನು ಬಡಿಯುತ್ತಾರೆ. ಮಿಯಾಗಿ ಬೇಲಿ ಹಾರಿ ಬಂದು ಬಿಡಿಸದಿದ್ದರೆ ಅವತ್ತು ಏನಾಗುತ್ತಿತ್ತೋ. ಪೆಟ್ಟು ತಿಂದವನ ತಪ್ಪನ್ನೂ ತೋರಿಸುವ ಈ ಪ್ರಾಮಾಣಿಕತೆ ಹದಿಹರೆಯದವರ ಚಿತ್ರಗಳಲ್ಲಿ ಅಪರೂಪ.

ಈಗ ಪಾಠಕ್ಕೆ ಬರೋಣ. ಕರಾಟೆ ಕಲಿಸಿ ಎಂದು ಬಂದವನ ಕೈಗೆ ಮಿಯಾಗಿ ಕೊಡುವುದು ಸ್ಪಂಜು ಮತ್ತು ವ್ಯಾಕ್ಸಿನ ಡಬ್ಬಿ. ಅಂಗಳದಲ್ಲಿ ನಿಂತ ಅಷ್ಟೂ ಹಳೇ ಕಾರುಗಳನ್ನು ತೊಳೆದು ಉಜ್ಜಬೇಕು: ಬಲಗೈಯಲ್ಲಿ ಸುತ್ತಿ ಹಚ್ಚು, ಎಡಗೈಯಲ್ಲಿ ಸುತ್ತಿ ಒರೆಸು, ಉಸಿರು ಮರೆಯಬೇಡ. ಮರುದಿನ ಮರದ ಹಲಗೆಗಳ ನೆಲವನ್ನು ಉಪ್ಪುಕಾಗದದಲ್ಲಿ ತಿಕ್ಕಬೇಕು. ಆಮೇಲೆ ಬೇಲಿಗೆ ಬಣ್ಣ, ಮೇಲೆ ಕೆಳಗೆ. ಆಮೇಲೆ ಮನೆಗೆ ಬಣ್ಣ, ಅತ್ತ ಇತ್ತ. ನಾಲ್ಕನೆಯ ರಾತ್ರಿ ಹುಡುಗನ ತಾಳ್ಮೆ ಕೆಟ್ಟು, ನನ್ನನ್ನು ಜೀತಕ್ಕೆ ಇಟ್ಟುಕೊಂಡಿದ್ದೀಯಾ ಎಂದು ಕೂಗಾಡುತ್ತಾನೆ. ಆಗ ಮುದುಕ ಅವನನ್ನು ನಿಲ್ಲಿಸಿ, ಕಾರು ಒರೆಸಿದ್ದು ಹೇಗೆ ತೋರಿಸು ಎಂದು ಗುದ್ದಲು ಶುರುಮಾಡುತ್ತಾನೆ. ಹುಡುಗನ ಕೈ ತಾನಾಗಿ ಏಳುತ್ತದೆ, ಪ್ರತಿ ಗುದ್ದನ್ನೂ ತಡೆಯುತ್ತದೆ. ತನಗೆ ಏನು ಬಂದಿದೆ ಎಂಬುದು ಅವನ ಮುಖಕ್ಕೆ ನಿಧಾನವಾಗಿ ತಿಳಿಯುವ ಆ ಒಂದೆರಡು ನಿಮಿಷ ಎಷ್ಟು ಸಲ ನೋಡಿದರೂ ನನ್ನ ಮೈ ಜುಂ ಎನ್ನುತ್ತದೆ. ನಮ್ಮ ಮೈಸೂರು ಸೀಮೆಯ ಗರಡಿಮನೆಗಳಲ್ಲೂ ಹೊಸ ಹುಡುಗ ಮೊದಲು ಮಟ್ಟಿ ಅಗೆದು ಹದ ಮಾಡಬೇಕು, ಪಟ್ಟು ಆಮೇಲೆ. ಉಸ್ತಾದರ ಕೈಕೆಳಗೆ ಪಳಗಿದವರಿಗೆ ಮಿಯಾಗಿಯ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಇದು ಬರೀ ಸಿನಿಮಾದ ಚಮತ್ಕಾರವೂ ಅಲ್ಲ. ಚಿತ್ರಕಥೆ ಬರೆದ ರಾಬರ್ಟ್ ಮಾರ್ಕ್ ಕೇಮನ್ ಸ್ವತಃ ಒಕಿನಾವಾದ ಗೋಜು-ರ್ಯೂ ಪದ್ಧತಿಯ ಕರಾಟೆ ಕಲಿತವರು. ತೆರೆದ ಅಂಗೈಯನ್ನು ವೃತ್ತಾಕಾರವಾಗಿ ತಿರುಗಿಸಿ ಏಟು ತಪ್ಪಿಸುವ ತಂತ್ರ ಆ ಪದ್ಧತಿಯಲ್ಲಿ ಮುಖ್ಯವಾದದ್ದು. ಮಿಯಾಗಿ ಎಂಬ ಹೆಸರೂ ಅದರ ಸ್ಥಾಪಕ ಚೋಜುನ್ ಮಿಯಾಗಿ ಅವರದೇ. ಕೇಮನ್ ಹದಿನೇಳರ ವಯಸ್ಸಿನಲ್ಲಿ, 1964ರ ನ್ಯೂಯಾರ್ಕ್ ವಿಶ್ವಮೇಳದ ಸಮಯದಲ್ಲಿ, ಪುಂಡರ ಗುಂಪಿನಿಂದ ಹೊಡೆಸಿಕೊಂಡರು. ಆ ಸಿಟ್ಟಿನಲ್ಲೇ ಕಲಿಯಲು ಹೋದರು. ಮೊದಲು ಸಿಕ್ಕ ಗುರು ಸೇಡು ತೀರಿಸಿಕೊಳ್ಳುವುದನ್ನು ಕಲಿಸುತ್ತಿದ್ದ, ಅದು ಒಗ್ಗದೆ ಬೇರೆ ಗುರುವನ್ನು ಹುಡುಕಿದರು. ಚಿತ್ರದಲ್ಲಿ ಗುರುಗಳು ಇಬ್ಬರಿರುವುದು ಇದರಿಂದಲೇ ಎಂದು ನನಗನ್ನಿಸುತ್ತದೆ.

ಎರಡನೆಯ ಗುರು ಕ್ರೀಸ್, ‘ಕೋಬ್ರಾ ಕೈ’ಯ ಮಾಸ್ಟರ್. ಮೊದಲು ನೀನೇ ಹೊಡೆ, ಜೋರಾಗಿ ಹೊಡೆ, ಕರುಣೆ ಬೇಡ ಎಂಬುದು ಅವನ ಶಾಲೆಯ ಗೋಡೆಬರಹ. ಒಕಿನಾವಾದಲ್ಲಿ ಹುಟ್ಟಿ ಕರಾಟೆಯನ್ನು ಜಪಾನಿನ ಮುಖ್ಯಭೂಮಿಗೆ ಒಯ್ದ ಗಿಚಿನ್ ಫುನಾಕೋಶಿ ತಮ್ಮ ಇಪ್ಪತ್ತು ಸೂತ್ರಗಳಲ್ಲಿ ಹೇಳಿದ್ದು ಇದಕ್ಕೆ ನೇರ ವಿರುದ್ಧ: ಕರಾಟೆಯಲ್ಲಿ ಮೊದಲ ಏಟು ಎಂಬುದೇ ಇಲ್ಲ. ಗಮನಿಸಿ, ಕ್ರೀಸ್ ಮತ್ತು ಮಿಯಾಗಿ ಇಬ್ಬರೂ ಮಾಜಿ ಸೈನಿಕರು. ಒಬ್ಬ ತನ್ನ ಸೈನ್ಯದ ಫೋಟೋವನ್ನು ಗೋಡೆಗೆ ಹಾಕಿಕೊಂಡು ಮಕ್ಕಳಿಗೆ ಯುದ್ಧವನ್ನೇ ಕಲಿಸುತ್ತಾನೆ. ಇನ್ನೊಬ್ಬ ತನ್ನ ಪದಕವನ್ನು ಪೆಟ್ಟಿಗೆಯೊಳಗೆ ಮುಚ್ಚಿಟ್ಟಿದ್ದಾನೆ.

ಆ ಪದಕ ಹೊರಬರುವ ದೃಶ್ಯಕ್ಕಾಗಿಯೇ ನೀವು ಈ ಚಿತ್ರ ನೋಡಬೇಕು. ಒಂದು ರಾತ್ರಿ ಡೇನಿಯಲ್ ಬಂದಾಗ ಮಿಯಾಗಿ ಹಳೆಯ ಸೈನಿಕ ಸಮವಸ್ತ್ರ ತೊಟ್ಟು, ಕುಡಿದು ಕೂತಿದ್ದಾನೆ. ಅವತ್ತು ಅವನ ಮದುವೆಯ ವಾರ್ಷಿಕ ದಿನ. ಎರಡನೇ ಮಹಾಯುದ್ಧದಲ್ಲಿ ಅವನು ಅಮೆರಿಕದ ಪರವಾಗಿ ಯುರೋಪಿನಲ್ಲಿ ಕಾದಾಡುತ್ತಿದ್ದಾಗ, ಅದೇ ಅಮೆರಿಕ ಅವನ ಗರ್ಭಿಣಿ ಹೆಂಡತಿಯನ್ನು ಕ್ಯಾಲಿಫೋರ್ನಿಯಾದ ಮಾಂಜನಾರ್ ಶಿಬಿರದಲ್ಲಿ ಕೂಡಿಹಾಕಿತ್ತು. ಹೆರಿಗೆಯ ಹೊತ್ತಿಗೆ ಡಾಕ್ಟರು ಬರಲಿಲ್ಲ. ತಾಯಿಯೂ ಮಗುವೂ ಉಳಿಯಲಿಲ್ಲ. ಪಾತ್ರ ಕಾಲ್ಪನಿಕ, ಚರಿತ್ರೆ ಮಾತ್ರ ನಿಜ. ಅಧ್ಯಕ್ಷ ರೂಸ್‌ವೆಲ್ಟ್ 1942ರ ಫೆಬ್ರವರಿಯಲ್ಲಿ ಸಹಿ ಹಾಕಿದ ಆದೇಶದ ನಂತರ ಸುಮಾರು 1,20,000 ಜಪಾನಿ ಮೂಲದವರನ್ನು ಇಂಥ ಶಿಬಿರಗಳಿಗೆ ಅಟ್ಟಲಾಯಿತು. ಅವರಲ್ಲಿ ಬಹುಪಾಲು ಅಮೆರಿಕದ ಪ್ರಜೆಗಳೇ. ಅದೇ ಸಮುದಾಯದ ಯುವಕರ 442ನೆಯ ರೆಜಿಮೆಂಟು ತನ್ನ ಗಾತ್ರಕ್ಕೆ ಹೋಲಿಸಿದರೆ ಅತಿ ಹೆಚ್ಚು ಗೌರವಗಳನ್ನು ಗಳಿಸಿದ ಪಡೆ ಎನಿಸಿಕೊಂಡಿತು. ದೇಶ ಅಧಿಕೃತವಾಗಿ ಕ್ಷಮೆ ಕೇಳಿದ್ದು 1988ರಲ್ಲಿ, ಅಂದರೆ ಚಿತ್ರ ಬಂದು ನಾಲ್ಕು ವರ್ಷಗಳಾದ ಮೇಲೆ.

ಮಿಯಾಗಿಯಾಗಿ ನಟಿಸಿದ ಪ್ಯಾಟ್ ಮೊರಿಟಾ ಇದನ್ನು ಪುಸ್ತಕ ಓದಿ ತಿಳಿದವರಲ್ಲ. ಚಿಕ್ಕ ಮಗುವಾಗಿದ್ದಾಗ ಬೆನ್ನುಹುರಿಯ ಕ್ಷಯ ತಗಲಿ ಬಾಲ್ಯವನ್ನೆಲ್ಲ ಆಸ್ಪತ್ರೆಯಲ್ಲಿ ಕಳೆದರು. ವಾಸಿಯಾಗಿ ನಡೆಯಲು ಕಲಿತು ಹೊರಬಂದಾಗ ಅವರನ್ನು ಒಯ್ದದ್ದು ಮನೆಗಲ್ಲ, ಅರಿಜೋನಾದ ಮರುಭೂಮಿಯ ಶಿಬಿರಕ್ಕೆ. ಹಾಸ್ಯನಟನೆಂಬ ಕಾರಣಕ್ಕೆ ನಿರ್ಮಾಪಕ ಜೆರ‍್ರಿ ವೈನ್‌ಟ್ರಾಬ್ ಅವರನ್ನು ಮೊದಲು ಬೇಡವೆಂದಿದ್ದರು. ಕಥೆಯ ಓಟ ನಿಲ್ಲುತ್ತದೆಂದು ಈ ದೃಶ್ಯವನ್ನು ತೆಗೆಯುವ ಮಾತೂ ಬಂದಿತ್ತು, ನಿರ್ದೇಶಕ ಜಾನ್ ಅವಿಲ್ಡ್‌ಸನ್ ಬಿಡಲಿಲ್ಲ. ಮೊರಿಟಾ ಪೋಷಕ ನಟರ ವಿಭಾಗದಲ್ಲಿ ಆಸ್ಕರ್‌ಗೆ ನಾಮನಿರ್ದೇಶನಗೊಂಡರು.

ಕೊರತೆಗಳೂ ಇವೆ. ಹಾಂಗ್‌ಕಾಂಗ್ ಚಿತ್ರಗಳ ಹೊಡೆದಾಟ ನೋಡಿ ಬೆಳೆದವರಿಗೆ ಇಲ್ಲಿನ ಕಾಳಗ ಸಪ್ಪೆ. ಕೆಲವೇ ವಾರಗಳ ಅಭ್ಯಾಸದಲ್ಲಿ ಹುಡುಗ ಬ್ಲ್ಯಾಕ್ ಬೆಲ್ಟುಗಳನ್ನು ಸೋಲಿಸುವುದು ನಂಬಲಾಗದ ಮಾತು, ಪೆಟ್ಟಾದ ಕಾಲನ್ನು ಮಿಯಾಗಿ ಅಂಗೈ ತಿಕ್ಕಿ ಸರಿಮಾಡುವುದು ಇನ್ನೂ ನಂಬಲಾಗದ್ದು. ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿದ ಮೊರಿಟಾ ಬಾಯಲ್ಲಿ ಮುರುಕು ಇಂಗ್ಲಿಷ್ ಆಡಿಸಿ, ಬಿಳಿಯ ಹುಡುಗನನ್ನು ಉದ್ಧಾರ ಮಾಡಲೆಂದೇ ಇರುವ ಏಷ್ಯಾದ ಜ್ಞಾನಿಯನ್ನಾಗಿ ಮಾಡಿದ್ದಾರೆಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಆ ಕುಡಿತದ ರಾತ್ರಿಯೊಂದು ಇರದಿದ್ದರೆ ಆ ಆಕ್ಷೇಪಕ್ಕೆ ಉತ್ತರವೇ ಇರುತ್ತಿರಲಿಲ್ಲ.

ಪಾಲಕರಿಗೆ ಎರಡು ಮಾತು. ಹುಡುಗರು ಒಂದು ಕಡೆ ಗಾಂಜಾ ಸುತ್ತುತ್ತಾರೆ, ಕೆಲವು ಬೈಗುಳಗಳಿವೆ, ಏಟುಗಳು ನೋವು ತಟ್ಟುವಂತಿವೆ. ಹತ್ತು ಹನ್ನೊಂದು ದಾಟಿದ ಮಕ್ಕಳ ಜೊತೆ ಕೂತು ನೋಡಲು ಅಡ್ಡಿಯಿಲ್ಲ. ಯಾವ ಬೆಲ್ಟ್ ಬಂತು ಎಂದು ಮಕ್ಕಳನ್ನು ದಿನಾ ಕೇಳುವವರು ಮಿಯಾಗಿಯ ಮಾತನ್ನು ಗಮನವಿಟ್ಟು ಕೇಳಿ: ಒಕಿನಾವಾದಲ್ಲಿ ಬೆಲ್ಟ್ ಇದ್ದರೆ ಪ್ಯಾಂಟು ನಿಲ್ಲಿಸಲು ಹಗ್ಗ ಬೇಕಿಲ್ಲ, ಅಷ್ಟೇ.

ಕೊನೆಯ ಪಂದ್ಯಾವಳಿಯಲ್ಲಿ ಗೆಲ್ಲುವವನನ್ನು ಬಿಟ್ಟು ಎದುರಾಳಿಗಳನ್ನು ನೋಡಿ. ಡೇನಿಯಲ್ ಮುಂದೆ ಆಡಲಾಗದಂತೆ ಮಾಡು ಎಂದು ಕ್ರೀಸ್ ಬಾಬಿ ಎಂಬ ಹುಡುಗನಿಗೆ ಆಜ್ಞೆ ಮಾಡುತ್ತಾನೆ. ಬಾಬಿ ಅವನ ಕಾಲಿಗೆ ಹೊಡೆದು, ಬಿದ್ದವನ ಪಕ್ಕದಲ್ಲಿ ಕೂತು ಅಲ್ಲೇ ಕ್ಷಮೆ ಬೇಡುತ್ತಾನೆ. ಪೆಟ್ಟಾದ ಕಾಲಿಗೇ ಹೊಡೆ ಎಂದಾಗ ಜಾನಿಯ ಮುಖವೂ ಬಿಳಿಚಿಕೊಳ್ಳುತ್ತದೆ. ಕೆಟ್ಟ ಶಿಷ್ಯ ಇಲ್ಲ, ಕೆಟ್ಟ ಗುರು ಇರುತ್ತಾನೆ ಎಂಬ ಮಿಯಾಗಿಯ ಮಾತು ಈ ಇಬ್ಬರು ಹುಡುಗರಲ್ಲಿ ಕಾಣುವಷ್ಟು ಡೇನಿಯಲ್‌ನಲ್ಲಿ ಕಾಣುವುದಿಲ್ಲ.

2010ರಲ್ಲಿ ಇದೇ ಹೆಸರಿನಲ್ಲಿ ಬಂದ, ಬೀಜಿಂಗಿನಲ್ಲಿ ನಡೆಯುವ ಚಿತ್ರದಲ್ಲಿ ಜಾಕಿ ಚಾನ್ ಕಲಿಸುವುದು ಕುಂಗ್‌ಫೂ. ಅದರ ಹೊಡೆದಾಟ ಚೆನ್ನಾಗಿದೆ, ಚಾನ್ ಅವರ ಅಭಿನಯ ಅದಕ್ಕಿಂತ ಚೆನ್ನಾಗಿದೆ. ಆದರೆ ಹನ್ನೆರಡು ವರ್ಷದ ಮಕ್ಕಳು ಅಷ್ಟು ಭೀಕರವಾಗಿ ಬಡಿದಾಡುವುದನ್ನು ನೋಡಲು ನನಗೆ ಕಷ್ಟವಾಗುತ್ತದೆ. ಸಮಯ ಒಂದಕ್ಕೇ ಇದ್ದರೆ 1984ರದ್ದನ್ನೇ ಆರಿಸಿ.