ರನ್ ಆಗುತ್ತಿರುವ ಪ್ರೋಗ್ರಾಂ ಪರದೆ ಬದಲಿಸಬೇಕಾದರೆ

ಎಲ್ಲರಿಗೂ ನಮಸ್ಕಾರ.

ಪ್ರಯೋಗಾಲಯದ ಲಿನಕ್ಸ್ ಕಂಪ್ಯೂಟರಿನಲ್ಲಿ ಉಪಗ್ರಹ ಚಿತ್ರದ ಮೇಲೆ ನಕ್ಷೆ ಬಿಡಿಸುತ್ತಿದ್ದೀರಿ. ಹತ್ತಾರು ಪದರಗಳು ತೆರೆದಿವೆ, ಸೇವ್ ಮಾಡದ ಬದಲಾವಣೆಗಳೂ ಇವೆ. ಸಂಜೆ ಮನೆ ಸೇರಿದ ಮೇಲೆ ಅದೇ ವಿಂಡೋ ಅದೇ ಸ್ಥಿತಿಯಲ್ಲಿ ಲ್ಯಾಪ್‌ಟಾಪಿನ ಪರದೆಗೆ ಬರಬೇಕು, ನಡುವೆ ಪ್ರೋಗ್ರಾಂ ನಿಲ್ಲಬಾರದು. ಬರೀ ಟರ್ಮಿನಲ್ (ಆದೇಶ ಟೈಪ್ ಮಾಡುವ ಅಕ್ಷರದ ಪರದೆ) ಸಾಕು ಎನ್ನುವವರಿಗೆ, ಕೆಲಸ ನಿಲ್ಲಿಸದೆ ಬಿಟ್ಟುಹೋಗಿ ಮತ್ತೆ ಸೇರಿಕೊಳ್ಳಲು ಸ್ಕ್ರೀನ್, ಟಿಮಕ್ಸ್ ಎಂಬ ತಂತ್ರಾಂಶಗಳಿವೆ. ವಿಂಡೋ ಇರುವ ಪ್ರೋಗ್ರಾಮಿಗೆ ಅಷ್ಟು ಸಲೀಸಾದ ದಾರಿ ಇಲ್ಲ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಮಾಮೂಲಿ ಪರದೆಯಲ್ಲಿ ಶುರುವಾಗಿಬಿಟ್ಟ ಪ್ರೋಗ್ರಾಮನ್ನು ಆಮೇಲೆ ಕಿತ್ತು ಸಾಗಿಸುವುದು ಬಹುತೇಕ ಆಗದ ಕೆಲಸ. ಸಾಗಿಸುವ ಯೋಚನೆ ಇದ್ದರೆ ಶುರು ಮಾಡುವ ಮುಂಚೆಯೇ ಏರ್ಪಾಡು ಆಗಿರಬೇಕು.

ಯಾಕೆ ಎಂದು ತಿಳಿಯಲು, ಲಿನಕ್ಸ್‌ನಲ್ಲಿ ವಿಂಡೋಗಳನ್ನು ಪರದೆಗೆ ತರುವ ಎಕ್ಸ್ ವಿಂಡೋ ಸಿಸ್ಟಂ ಒಳಗೆ ಇಣುಕಬೇಕು. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ್ದು. ಈಗ ಬಳಕೆಯಲ್ಲಿರುವ ಎಕ್ಸ್ 11 ಬಂದದ್ದು 1987ರಲ್ಲಿ. ಇಲ್ಲಿ ಸರ್ವರ್ ಎಂದರೆ ನಿಮ್ಮ ಮುಂದಿರುವ ಪರದೆ, ಕೀಬೋರ್ಡ್, ಮೌಸ್ ನೋಡಿಕೊಳ್ಳುವ ತಂತ್ರಾಂಶ. ಪ್ರೋಗ್ರಾಂ ಅದರ ಕ್ಲಯಂಟ್, ಅಂದರೆ ಅದರಿಂದ ಕೆಲಸ ಮಾಡಿಸಿಕೊಳ್ಳುವ ಗಿರಾಕಿ; ಅದು ದೂರದ ಕಂಪ್ಯೂಟರಿನಲ್ಲಿದ್ದರೂ ನಡೆಯುತ್ತದೆ. ಡಿಸ್‌ಪ್ಲೇ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ (ಶುರುವಾಗುವಾಗ ಪ್ರೋಗ್ರಾಮಿಗೆ ಸಿಗುವ ಸೆಟ್ಟಿಂಗ್) ನೋಡಿ ಯಾವ ಸರ್ವರಿಗೆ ಹೋಗಬೇಕೆಂದು ಅದು ತಿಳಿದುಕೊಳ್ಳುತ್ತದೆ. ಡಿಸ್‌ಪ್ಲೇ ಸಂಖ್ಯೆ ಸೊನ್ನೆಯಾದರೆ ಟಿಸಿಪಿ ಪೋರ್ಟ್ (ನೆಟ್‌ವರ್ಕ್ ಮೂಲಕ ಒಳಬರುವ ಬಾಗಿಲಿನ ಸಂಖ್ಯೆ) 6000, ಹತ್ತಾದರೆ 6010.

ಈ ಡಿಸ್‌ಪ್ಲೇ ಮೌಲ್ಯವನ್ನು ಪ್ರೋಗ್ರಾಂ ಓದುವುದು ಶುರುವಿನಲ್ಲಿ ಒಂದೇ ಸಲ. ಆಮೇಲೆ ಶೆಲ್‌ನಲ್ಲಿ (ಟರ್ಮಿನಲ್‌ನ ಆದೇಶ ಸಾಲಿನಲ್ಲಿ) ಅದನ್ನು ಎಷ್ಟು ಬದಲಿಸಿದರೂ ರನ್ ಆಗುತ್ತಿರುವ ಪ್ರೋಗ್ರಾಮಿಗೆ ಅದು ತಟ್ಟುವುದೇ ಇಲ್ಲ. ಸಂಪರ್ಕ ಆದ ಕೂಡಲೇ ಸರ್ವರ್ ಈ ಕ್ಲಯಂಟಿಗೆಂದೇ ಗುರುತಿನ ಸಂಖ್ಯೆಗಳ ಒಂದು ಶ್ರೇಣಿ ಕೊಡುತ್ತದೆ. ವಿಂಡೋ, ಪಿಕ್ಸ್‌ಮ್ಯಾಪ್ (ಪರದೆಯ ಹೊರಗೆ ಇಟ್ಟುಕೊಂಡ ಚಿತ್ರ), ಕರ್ಸರ್ ಎಲ್ಲಕ್ಕೂ ಆ ಶ್ರೇಣಿಯಿಂದಲೇ ಸಂಖ್ಯೆ ಹಾಕಬೇಕು. ಹೆಸರುಗಳ ಬದಲು ಬಳಸುವ ಆಟಂ ಸಂಖ್ಯೆಗಳೂ ಆಯಾ ಸರ್ವರಿನವೇ. ಪಿಕ್ಸ್‌ಮ್ಯಾಪಿನ ಚಿತ್ರ ಇರುವುದು ಸರ್ವರಿನ ಮೆಮೊರಿಯಲ್ಲಿ, ಪ್ರೋಗ್ರಾಮಿನ ಹತ್ತಿರ ಇರುವುದು ಬರೀ ಸಂಖ್ಯೆ. ಆ ಸಂಖ್ಯೆಗಳನ್ನು ಹೊತ್ತು ಬೇರೆ ಸರ್ವರಿಗೆ ಹೋಗುವುದೆಂದರೆ ಒಂದು ದೇವಸ್ಥಾನದ ಚಪ್ಪಲಿ ಟೋಕನ್ ಹಿಡಿದು ಇನ್ನೊಂದು ದೇವಸ್ಥಾನದಲ್ಲಿ ಚಪ್ಪಲಿ ಕೇಳಿದ ಹಾಗೆ. ಇನ್ನು ಸಂಪರ್ಕ ಕಡಿದರೆ? ಸರ್ವರಿನ ಜೊತೆ ಮಾತಾಡಲು ಪ್ರೋಗ್ರಾಂ ಬಳಸುವ ಎಕ್ಸ್‌ಲಿಬ್ ಎಂಬ ಲೈಬ್ರರಿ ತನ್ನ ಮಾಮೂಲಿ ನಡವಳಿಕೆಯಲ್ಲಿ ಪ್ರೋಗ್ರಾಮನ್ನು ಅಲ್ಲೇ ಮುಗಿಸುತ್ತದೆ. ಸೇವ್ ಮಾಡಲೇ ಎಂದು ಕೇಳುವ ಅವಕಾಶವೂ ಸಿಗುವುದಿಲ್ಲ.

ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ ದೊಡ್ಡಕ್ಷರದ ಎಕ್ಸ್ ಆಯ್ಕೆ ಕೊಟ್ಟು ವಿಂಡೋ ತರಿಸಿಕೊಳ್ಳುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಪ್ರೋಗ್ರಾಮಿಗೆ ಅಲ್ಲಿ ಹತ್ತನೇ ಡಿಸ್‌ಪ್ಲೇ ಕಾಣುತ್ತದೆ, ಅಲ್ಲಿಗೆ ಕಳಿಸಿದ್ದೆಲ್ಲ ಗೂಢಲಿಪಿಯಲ್ಲಿ ನಿಮ್ಮ ಪರದೆಗೆ ಬರುತ್ತದೆ. ದೂರದ ಯಂತ್ರದಲ್ಲಿ ಎಕ್ಸ್‌ಆತ್ (ಎಕ್ಸ್ ಸರ್ವರಿಗೆ ಸೇರಲು ಬೇಕಾದ ಅನುಮತಿ ನೋಡಿಕೊಳ್ಳುವ ಪ್ರೋಗ್ರಾಂ) ಇನ್‌ಸ್ಟಾಲ್ ಆಗಿರದಿದ್ದರೆ ಡಿಸ್‌ಪ್ಲೇ ಖಾಲಿಯೇ ಉಳಿಯುತ್ತದೆ. ಬಹಳ ಮಂದಿ ಎಡವುವುದು ಇಲ್ಲೇ. ಆದರೆ ವೈಫೈ ಒಮ್ಮೆ ಕೈಕೊಟ್ಟು ಎಸ್‌ಎಸ್‌ಎಚ್ ಕಡಿದರೆ ಪ್ರೋಗ್ರಾಂ ಹೋದಂತೆಯೇ. ನಿಧಾನದ ತೊಂದರೆ ಬೇರೆ. ಒಂದು ಪ್ರಶ್ನೆ ಹೋಗಿ ಉತ್ತರ ಬರಲು 100 ಮಿಲಿಸೆಕೆಂಡ್ ಬೇಕಾದರೆ, ಮೆನು ತೆರೆಯುವಾಗ ಪ್ರೋಗ್ರಾಂ ಒಂದರ ಹಿಂದೆ ಒಂದು 50 ಪ್ರಶ್ನೆ ಕೇಳಿದರೆ 5 ಸೆಕೆಂಡ್ ಕಾಯಬೇಕು. ಡೇಟಾ ಕುಗ್ಗಿಸಿ ಕಳಿಸಿದರೂ ಈ ಕಾಯುವಿಕೆ ಕಡಿಮೆಯಾಗದು, ಏಕೆಂದರೆ ಸಮಯ ತಿನ್ನುತ್ತಿರುವುದು ಗಾತ್ರವಲ್ಲ, ದೂರ.

1990ರ ದಶಕದಲ್ಲೇ ಇದಕ್ಕೆ ಎಕ್ಸ್‌ಮೂವ್ ಎಂಬ ಪರಿಹಾರ ಬಂದಿತ್ತು. ಪ್ರೋಗ್ರಾಂ ಮತ್ತು ನಿಜವಾದ ಸರ್ವರಿನ ನಡುವೆ ಅದು ಹುಸಿ ಸರ್ವರ್ ಆಗಿ ಕೂರುತ್ತಿತ್ತು. ಹಾದುಹೋಗುವ ಮಾತನ್ನೆಲ್ಲ ಗಮನಿಸುತ್ತ, ಯಾವ ವಿಂಡೋ, ಯಾವ ಬಣ್ಣ ಎಂದು ಲೆಕ್ಕ ಇಟ್ಟುಕೊಂಡು, ಸ್ಥಳ ಬದಲಿಸುವಾಗ ಹೊಸ ಸರ್ವರಿನಲ್ಲಿ ಎಲ್ಲವನ್ನೂ ಮತ್ತೆ ಕಟ್ಟಿ ಹಳೆಯ ಸಂಖ್ಯೆಗಳನ್ನು ಹೊಸದಕ್ಕೆ ಅನುವಾದಿಸುತ್ತಿತ್ತು. ಸೊಗಸಾದ ಯೋಚನೆ, ಅದರ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಆದರೆ ಎರಡು ಪರದೆಗಳ ಬಣ್ಣದ ಆಳ ಹೊಂದದಿದ್ದರೆ ತೊಡಕು. ಸರ್ವರಿಗೆ ಸೇರುವ ಪ್ರತಿ ಹೊಸ ಎಕ್ಸ್‌ಟೆನ್ಷನ್ನನ್ನೂ (ಹೆಚ್ಚುವರಿ ಸೌಲಭ್ಯವನ್ನೂ) ಅದಕ್ಕೆ ಕಲಿಸಬೇಕಿತ್ತು. ಅಷ್ಟು ವೇಗವಾಗಿ ಕಲಿಸುವುದು ಆಗಲಿಲ್ಲ.

ಇಂದು ಕೆಲಸಕ್ಕೆ ಬರುವುದು ಎಕ್ಸ್‌ಪ್ರಾ. ನಥಾನಿಯಲ್ ಸ್ಮಿತ್ ಶುರು ಮಾಡಿದ್ದು, ಆಮೇಲೆ ಆಂಟ್ವಾನ್ ಮಾರ್ಟಿನ್ ಬೆಳೆಸಿದ್ದು. ಇದು ಅನುವಾದದ ಗೋಜಿಗೇ ಹೋಗುವುದಿಲ್ಲ. ಪ್ರೋಗ್ರಾಂ ಇರುವ ಯಂತ್ರದಲ್ಲೇ, ಪರದೆಯೇ ಇಲ್ಲದ ಒಂದು ಎಕ್ಸ್ ಸರ್ವರನ್ನು ಮೆಮೊರಿಯಲ್ಲಿ ನಡೆಸುತ್ತದೆ. ಪ್ರೋಗ್ರಾಂ ಮಾತಾಡುವುದು ಅದರ ಜೊತೆ ಮಾತ್ರ, ಆ ಸಂಪರ್ಕ ಕಡಿಯುವ ಸಂದರ್ಭವೇ ಬರುವುದಿಲ್ಲ. ಎಕ್ಸ್‌ಪ್ರಾ ಪ್ರತಿ ವಿಂಡೋದ ಚಿತ್ರವನ್ನು ಅಲ್ಲಿಂದ ಎತ್ತಿ, ಬದಲಾದ ಭಾಗವನ್ನಷ್ಟೇ ಕುಗ್ಗಿಸಿ, ನೀವು ಕೂತಲ್ಲಿಗೆ ಕಳಿಸುತ್ತದೆ. ದೂರದ ಪರದೆ ತೋರಿಸುವ ವಿಎನ್‌ಸಿ ತಂತ್ರಾಂಶದ ಹಾಗೆ ಇಡೀ ಡೆಸ್ಕ್‌ಟಾಪ್ ಒಂದೇ ಚೌಕಟ್ಟಿನಲ್ಲಿ ಬರುವುದಲ್ಲ. ಪ್ರತಿ ವಿಂಡೋ ನಿಮ್ಮ ಲ್ಯಾಪ್‌ಟಾಪಿನ ಉಳಿದ ವಿಂಡೋಗಳ ನಡುವೆ ಬಿಡಿಬಿಡಿಯಾಗಿ ಕೂರುತ್ತದೆ.

ಹೀಗೆ ಮಾಡಿ. ಎರಡೂ ಕಡೆ ಎಕ್ಸ್‌ಪ್ರಾ ಹಾಕಿ, ಸಾಧ್ಯವಾದಷ್ಟು ಒಂದೇ ಆವೃತ್ತಿ ಇರಲಿ. ಒಂದು ಕಡೆ ತೀರ ಹಳೆಯದಿದ್ದರೆ ಸಂಪರ್ಕವಾಗದೆ ಹೋಗಬಹುದು, ಸಂಪರ್ಕವಾದರೂ ಚಿತ್ರ ಸರಿಯಾಗಿ ಬರದಿರಬಹುದು. ದೂರದ ಯಂತ್ರದಲ್ಲಿ ಎಕ್ಸ್‌ಪ್ರಾ ಸ್ಟಾರ್ಟ್ ಎಂದು ಬರೆದು ಕೋಲನ್ 100, ಆಮೇಲೆ ಎರಡು ಅಡ್ಡಗೆರೆ, ಸ್ಟಾರ್ಟ್, ಸಮ ಚಿಹ್ನೆ, ಪ್ರೋಗ್ರಾಮಿನ ಹೆಸರು. ನೂರೇ ಯಾಕೆಂದರೆ ಎಸ್‌ಎಸ್‌ಎಚ್ ಹತ್ತರಿಂದ ಎಣಿಸುತ್ತದೆ, ಅದರ ಜೊತೆ ಡಿಕ್ಕಿ ಆಗಬಾರದು. ಮನೆಯಿಂದ ಎಕ್ಸ್‌ಪ್ರಾ ಅಟ್ಯಾಚ್ ಎಂದು ಬರೆದು ಎಸ್‌ಎಸ್‌ಎಚ್, ಕೋಲನ್, ಎರಡು ಓರೆಗೆರೆ, ಬಳಕೆದಾರರ ಹೆಸರು, ಅಟ್ ಚಿಹ್ನೆ, ಯಂತ್ರದ ಹೆಸರು, ಓರೆಗೆರೆ, 100. ವಿಂಡೋ ಬಂತು. ಬಿಡಿಸಿಕೊಳ್ಳಲು ಆ ಟರ್ಮಿನಲ್‌ನಲ್ಲಿ ಕಂಟ್ರೋಲ್ ಸಿ ಒತ್ತಿ; ಪ್ರೋಗ್ರಾಂ ಅಲ್ಲಿ ನಡೆಯುತ್ತಲೇ ಇರುತ್ತದೆ. ಬೇರೆ ಯಂತ್ರದಿಂದ ಅಟ್ಯಾಚ್ ಮಾಡಿದರೆ ಹಳೆಯ ಕಡೆ ತಾನಾಗಿ ಬಿಟ್ಟುಕೊಡುತ್ತದೆ, ಆಫೀಸಿನಲ್ಲಿ ಬಿಡಿಸಲು ಮರೆತಿದ್ದರೂ ಚಿಂತೆಯಿಲ್ಲ.

ಎಲ್ಲಿ ತಪ್ಪುತ್ತದೆ ಎನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ವಿಂಡೋದ ಮೂಲೆಯ ಇಂಟು ಗುರುತು ಒತ್ತಿದರೆ ಅದು ಬಿಡಿಸಿಕೊಂಡಂತೆ ಅಲ್ಲ. ಆ ಒತ್ತು ಪ್ರೋಗ್ರಾಮಿಗೇ ತಲುಪಿ ಅದು ಮುಚ್ಚಿಕೊಳ್ಳುತ್ತದೆ. ಎಕ್ಸ್‌ಪ್ರಾ ಸ್ಟಾಪ್ ಎಂದರೆ ಇಡೀ ಸೆಷನ್ ಮುಗಿಯಿತು. ಫೈರ್‌ಫಾಕ್ಸ್ ಈಗಾಗಲೇ ಆಫೀಸಿನ ಪರದೆಯಲ್ಲಿ ತೆರೆದಿದ್ದರೆ, ನೂರನೇ ಡಿಸ್‌ಪ್ಲೇಯಲ್ಲಿ ಮತ್ತೆ ಶುರು ಮಾಡಿದಾಗ ಅದು ಹಳೆಯದಕ್ಕೇ ವಿಷಯ ತಿಳಿಸಿ ಅಲ್ಲೇ ಹೊಸ ವಿಂಡೋ ತೆರೆಯಬಹುದು. ಬೇರೆ ಪ್ರೊಫೈಲ್ ಕೊಟ್ಟು ಶುರು ಮಾಡಬೇಕು. ಲಾಗ್‌ಔಟ್ ಆದ ಕೂಡಲೇ ಸೆಷನ್ ಸಾಯುತ್ತಿದ್ದರೆ ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಕಿಲ್‌ಯೂಸರ್‌ಪ್ರೋಸೆಸಸ್ ಸೆಟ್ಟಿಂಗ್ ನೋಡಿ, ಲಾಗಿನ್‌ಸಿಟಿಎಲ್ ಆದೇಶದಿಂದ ಲಿಂಗರ್ (ಲಾಗ್‌ಔಟ್ ಆದ ಮೇಲೂ ಉಳಿಯುವ ಅನುಮತಿ) ಆನ್ ಮಾಡಿ. ಎಕ್ಸ್‌ಪ್ರಾ ಬಿದ್ದು ಒಳಗಿನ ಎಕ್ಸ್ ಸರ್ವರ್ ಉಳಿದಿದ್ದರೆ ಪ್ರೋಗ್ರಾಂ ಇನ್ನೂ ಜೀವಂತವಾಗಿದೆ ಎಂದರ್ಥ. ಗಾಬರಿಯಾಗಿ ಎಲ್ಲವನ್ನೂ ಕೊಲ್ಲಬೇಡಿ, ಯೂಸ್-ಡಿಸ್‌ಪ್ಲೇ ಆಯ್ಕೆಯೊಂದಿಗೆ ಅದೇ ನೂರರ ಮೇಲೆ ಮತ್ತೆ ಶುರು ಮಾಡಿ. ಅಕ್ಷರ ತೀರ ಚಿಕ್ಕದಾಗಿ ಕಂಡರೆ ಲ್ಯಾಪ್‌ಟಾಪಿನ ಪರದೆ ಹೆಚ್ಚು ಸಾಂದ್ರವಾಗಿದೆ ಎಂದರ್ಥ, ಅಟ್ಯಾಚ್ ಮಾಡುವಾಗ ಡೆಸ್ಕ್‌ಟಾಪ್-ಸ್ಕೇಲಿಂಗ್ ಕೊಡಿ. ಮೂರು ಆಯಾಮದ ಚಿತ್ರ ತೆವಳುತ್ತಿದ್ದರೆ ಮೆಮೊರಿಯೊಳಗಿನ ಸರ್ವರಿಗೆ ಗ್ರಾಫಿಕ್ಸ್ ಕಾರ್ಡ್ ಸಿಕ್ಕಿಲ್ಲ, ಎಲ್ಲ ಲೆಕ್ಕವನ್ನೂ ಸಿಪಿಯು ಮಾಡುತ್ತಿದೆ. ಆ ಲೆಕ್ಕವನ್ನು ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸುವ ವರ್ಚುವಲ್‌ಜಿಎಲ್ ಇರುವುದು ಅದಕ್ಕೇ.

ಕನ್ನಡದಲ್ಲಿ ಕೆಲಸ ಮಾಡುವವರು ಒಂದು ಮಾತು ನೆನಪಿಡಬೇಕು. ಒತ್ತಕ್ಷರ ಜೋಡಿಸಿ ಅಕ್ಷರ ಮೂಡಿಸುವುದು ಪ್ರೋಗ್ರಾಂ ಇರುವ ಯಂತ್ರ, ನಿಮ್ಮ ಲ್ಯಾಪ್‌ಟಾಪ್ ಅಲ್ಲ. ಮನೆಯಲ್ಲಿ ಎಷ್ಟು ಒಳ್ಳೆಯ ಫಾಂಟ್ ಇದ್ದರೂ ಅಲ್ಲಿಲ್ಲದಿದ್ದರೆ ಬರುವುದು ಖಾಲಿ ಚೌಕಗಳೇ. ಡೆಬಿಯನ್, ಉಬುಂಟುಗಳಲ್ಲಿ ಫಾಂಟ್ಸ್-ಕೆಎನ್‌ಡಿಎ ಪ್ಯಾಕೇಜ್ ಆ ಕಡೆ ಹಾಕಿಸಿ. ಕನ್ನಡ ಟೈಪ್ ಮಾಡಲು ಬಳಸುವ ಐಬಸ್ ಎಂಬ ತಂತ್ರಾಂಶ ಸಹ ಸೆಷನ್ನಿನ ಒಳಗೇ ನಡೆಯಬೇಕು. ಲ್ಯಾಪ್‌ಟಾಪಿನಿಂದ ಬರೀ ಕೀ ಒತ್ತಿದ ಸುದ್ದಿ ಹೋಗಲಿ. ಎರಡೂ ಕಡೆ ಐಬಸ್ ಆನ್ ಇದ್ದರೆ ಅಕ್ಷರ ಗೋಜಲಾಗುತ್ತದೆ.

ಸುರಕ್ಷತೆಯಲ್ಲಿ ರಾಜಿ ಬೇಡ. ಎಕ್ಸ್ ಸರ್ವರನ್ನು ಎಲ್ಲರಿಗೂ ತೆರೆದಿಡುವ ಎಕ್ಸ್‌ಹೋಸ್ಟ್ ಪ್ಲಸ್ ಎಂಬ ಹಳೆಯ ಸಲಹೆ ಎಲ್ಲಿ ಕಂಡರೂ ಪಾಲಿಸಬೇಡಿ. ಒಂದು ಎಕ್ಸ್ ಸರ್ವರಿಗೆ ಸೇರಿದ ಯಾವ ಪ್ರೋಗ್ರಾಂ ಬೇಕಾದರೂ ಉಳಿದವುಗಳಲ್ಲಿ ಒತ್ತಿದ ಕೀಗಳನ್ನು ಓದಬಲ್ಲದು, ಪಾಸ್‌ವರ್ಡ್ ಸಮೇತ. ಎಕ್ಸ್‌ಪ್ರಾವನ್ನೂ ಬರಿಯ ಟಿಸಿಪಿ ಪೋರ್ಟಿನಲ್ಲಿ ಊರಿಗೆಲ್ಲ ತೆರೆದಿಡದೆ ಎಸ್‌ಎಸ್‌ಎಚ್ ಮೂಲಕವೇ ಬಳಸಿ.

ಮುಂದೇನು? ಎಕ್ಸ್‌ನ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್‌ನಲ್ಲಿ ನೆಟ್‌ವರ್ಕ್ ಎಂಬುದು ಮೂಲ ವಿನ್ಯಾಸದಲ್ಲೇ ಇಲ್ಲ. ವೇಪೈಪ್ ಎಂಬ ತಂತ್ರಾಂಶ ಅದನ್ನು ಹೊರಗಿನಿಂದ ಸೇರಿಸುತ್ತದೆ. ನನಗೆ ಹೆಚ್ಚು ಭರವಸೆ ಇರುವುದು ಇನ್ನೊಂದು ದಿಕ್ಕಿನಲ್ಲಿ. ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕ ಬಹಳ ಹಿಂದಿನಿಂದಲೂ ರನ್ ಆಗುತ್ತಿರುವಾಗಲೇ ಬೇರೆ ಡಿಸ್‌ಪ್ಲೇಯಲ್ಲಿ ಹೊಸ ಫ್ರೇಮ್ (ವಿಂಡೋ) ತೆರೆಯಬಲ್ಲದು. ವಿಂಡೋ ಪ್ರೋಗ್ರಾಂ ಬರೆಯಲು ಬಳಸುವ ಕ್ಯೂಟಿ ಲೈಬ್ರರಿಯ 6.6ನೇ ಆವೃತ್ತಿಯಿಂದ, ವೇಲ್ಯಾಂಡ್ ಕಾಂಪೊಸಿಟರ್ (ಅಲ್ಲಿ ಪರದೆ ನೋಡಿಕೊಳ್ಳುವ ತಂತ್ರಾಂಶ) ಬಿದ್ದು ಎದ್ದರೂ ಪ್ರೋಗ್ರಾಂ ಸಾಯದೆ ಮತ್ತೆ ಸಂಪರ್ಕ ಹಿಡಿದು ತನ್ನ ವಿಂಡೋಗಳನ್ನು ತಾನೇ ಕಟ್ಟಿಕೊಳ್ಳಬಲ್ಲದು. ಬಿದ್ದ ಪರದೆಗೇ ಮರಳಲು ಮಾಡಿದ ಏರ್ಪಾಡು ಅದು. ಬೇರೆ ಯಂತ್ರದ ಪರದೆಗೆ ಹೋಗಲು ಬೇಕಾದ ಮೊದಲ ಹೆಜ್ಜೆಯೂ ಅದೇ. ಕ್ಯೂಟಿ ಅಥವಾ ಅಂಥದೇ ಇನ್ನೊಂದು ಲೈಬ್ರರಿ ಜಿಟಿಕೆಯಲ್ಲಿ ಕೋಡ್ ಬರೆಯುವವರು ಈ ಸಭೆಯಲ್ಲಿದ್ದರೆ ದಯವಿಟ್ಟು ಅತ್ತ ಗಮನ ಕೊಡಿ.