ವೇಗ ಇಳಿಸದ ಶ್ರೀನಾಥ್

ಕೇಳುಗರಿಗೆ ನಮಸ್ಕಾರ. ಅಡುಗೆಮನೆಯಲ್ಲಿ ರೇಡಿಯೊ ಹಚ್ಚಿಕೊಂಡಿರುವ ತಾಯಂದಿರು, ಅಂಗಡಿಯ ಗಲ್ಲಾದ ಮುಂದೆ ಕುಳಿತಿರುವ ತಂದೆಯರು, ಬೀದಿಯ ಆಟ ಮುಗಿಸಿ ಈಗಷ್ಟೇ ಕೈಕಾಲು ತೊಳೆದ ಹುಡುಗರು, ನಿಮಗೆಲ್ಲ ನಾನು ಹೇಳಬೇಕಾದ ಮಾತು ಒಂದೇ. ಹುಡುಗ ವೇಗವಾಗಿ ಬೌಲ್ ಮಾಡುತ್ತಿದ್ದರೆ ಅವನ ವೇಗವನ್ನು ಇಳಿಸಬೇಡಿ.

ಹೋದ ವಾರ ಒಬ್ಬ ತಂದೆ ಹದಿನಾಲ್ಕರ ಮಗನನ್ನು ನನ್ನ ತರಬೇತಿಗೆ ಕರೆತಂದಿದ್ದರು. 'ಸಾರ್, ಇವನು ಬೀಸಿ ಹಾಕುತ್ತಾನೆ, ವೈಡ್ ಹೋಗುತ್ತದೆ. ಆಯ್ಕೆಗೆ ಮೊದಲು ಸ್ವಲ್ಪ ನಿಧಾನ ಮಾಡಿಸಿ' ಎಂದರು. ಇಪ್ಪತ್ತೈದು ವರ್ಷಗಳಿಂದ ಇದೇ ಮಾತು ಕೇಳಿ ಕೇಳಿ ಸಾಕಾಗಿದೆ. ಗುರಿಯನ್ನು ನಾನು ಕಲಿಸಬಲ್ಲೆ. ವೇಗವನ್ನು ಯಾರೂ ಕಲಿಸಲಾರರು.

ಅದಕ್ಕೇ ಇವತ್ತು ಜಾವಗಲ್ ಶ್ರೀನಾಥ್ ಅವರ ಕಥೆ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾ ಕ್ಲಬ್ ಪಂದ್ಯ ಆಡುತ್ತಿದ್ದ ಹುಡುಗನನ್ನು ಗುರುತಿಸಿದವರು ಗುಂಡಪ್ಪ ವಿಶ್ವನಾಥ್. ಹೈದರಾಬಾದ್ ವಿರುದ್ಧ ಕರ್ನಾಟಕದ ಪರ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್. 1991ರಲ್ಲಿ ಬ್ರಿಸ್ಬೇನಿನಲ್ಲಿ ಮೊದಲ ಟೆಸ್ಟ್. ಆಮೇಲೆ? ಆಮೇಲೆ ಮೂರು ವರ್ಷ ತವರಿನಲ್ಲಿ ಒಂದೇ ಒಂದು ಟೆಸ್ಟ್ ಸಿಗಲಿಲ್ಲ. ಹೊಸ ಚೆಂಡಿಗೆ ಕಪಿಲ್ ದೇವ್ ಮತ್ತು ಪ್ರಭಾಕರ್, ಉಳಿದ ಕೆಲಸಕ್ಕೆ ಮೂವರು ಸ್ಪಿನ್ನರ್‌ಗಳು. ನಮ್ಮ ಪಿಚ್‌ಗಳಲ್ಲಿ ವೇಗಕ್ಕೆ ಏನು ಕೆಲಸ ಎಂದೇ ಎಲ್ಲರೂ ಅಂದುಕೊಂಡಿದ್ದ ಕಾಲ. ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಹೆಜ್ಜೆ ಕಡಿಮೆ ಓಡಿ, ಚೆಂಡನ್ನು ಸುಮ್ಮನೆ ಇಟ್ಟು ಹೋಗುವ ಬೌಲರ್ ಆಗಿಬಿಡುತ್ತಿದ್ದರು. ಶ್ರೀನಾಥ್ ವೇಗ ಇಳಿಸಲಿಲ್ಲ.

ಈಗ ಅಹಮದಾಬಾದಿಗೆ ಬನ್ನಿ. 1996ರ ನವೆಂಬರ್, ಮೊಟೇರಾ ಮೈದಾನ, ಎದುರಾಳಿ ದಕ್ಷಿಣ ಆಫ್ರಿಕಾ. ಪಂದ್ಯದ ನಾಲ್ಕನೆಯ ದಿನ. ಪಿಚ್ ಒಡೆದು ಹೋಗಿದೆ, ಚೆಂಡು ಮೊಣಕಾಲಿಗಿಂತ ಮೇಲೇಳಲು ಸೋಮಾರಿತನ ಮಾಡುತ್ತಿದೆ. ಆ ಟೆಸ್ಟಿನಲ್ಲೇ ಮೊದಲ ಬಾರಿಗೆ ಆಡಿದ ವಿ.ವಿ.ಎಸ್. ಲಕ್ಷ್ಮಣ್ ಗಳಿಸಿದ 51 ರನ್ನಿನ ಬಲದಿಂದ ಭಾರತ ಎರಡನೆಯ ಇನಿಂಗ್ಸ್‌ನಲ್ಲಿ ಹೇಗೋ 190 ಮುಟ್ಟಿದೆ. ಮೊದಲ ಇನಿಂಗ್ಸ್‌ನಲ್ಲಿ ಸ್ವಲ್ಪ ಮುಂದಿದ್ದ ದಕ್ಷಿಣ ಆಫ್ರಿಕಾಕ್ಕೆ ಗೆಲ್ಲಲು ಬೇಕಾದದ್ದು ಬರೀ 170. ನಮ್ಮ ಕೈಯಲ್ಲಿ ಕುಂಬ್ಳೆ ಇದ್ದಾರೆ, ಗದಗಿನ ಸುನಿಲ್ ಜೋಶಿ ಇದ್ದಾರೆ. ಏನಾದರೂ ಆದರೆ ಅವರಿಂದಲೇ ಆಗಬೇಕು ಎಂದು ಟಿವಿ ಮುಂದೆ ಕುಳಿತ ನಾವೆಲ್ಲ ಲೆಕ್ಕ ಹಾಕಿದ್ದೆವು.

ಶ್ರೀನಾಥ್ ಓಡಿ ಬರುತ್ತಾರೆ. ಉದ್ದನೆಯ ಓಟ, ಕ್ರೀಸಿನ ಹತ್ತಿರ ಒಂದು ಎತ್ತರದ ನೆಗೆತ, ಎದೆ ಪೂರ್ತಿ ಬ್ಯಾಟ್ಸ್‌ಮನ್ ಕಡೆಗೆ. ಆ ಎದೆ ತೆರೆದ ಶೈಲಿಯಿಂದ ಚೆಂಡು ಬಲಗೈ ಆಟಗಾರನ ಒಳಕ್ಕೆ ನುಗ್ಗುತ್ತಿತ್ತು. ತಗ್ಗಿ ಬರುವ ಪಿಚ್ಚಿನಲ್ಲಿ ನಿಧಾನದ ಚೆಂಡಾದರೆ ಬ್ಯಾಟ್ ಇಳಿಸಲು ಹೊತ್ತು ಸಿಗುತ್ತದೆ. ಅಷ್ಟು ವೇಗದ ಚೆಂಡು ತಗ್ಗಿ ಒಳಗೆ ಬಂದರೆ ಆ ಹೊತ್ತು ಎಲ್ಲಿಂದ ಬರಬೇಕು? ಹಡ್ಸನ್ ಸೊನ್ನೆ. ಕಲಿನನ್ ಸೊನ್ನೆ. ನಾಯಕ ಕ್ರೋನಿಯೆ ಒಂದು ತುದಿಯಲ್ಲಿ ಬೇರು ಬಿಟ್ಟು ನಿಂತರು, 48 ರನ್ ಮಾಡಿ ಔಟಾಗದೇ ಉಳಿದರು. ಇನ್ನೊಂದು ತುದಿಯಲ್ಲಿ ನಿಲ್ಲುವವರೇ ಇಲ್ಲ. ಇಡೀ ತಂಡ 105ಕ್ಕೆ ಮುಗಿಯಿತು. ಶ್ರೀನಾಥ್‌ಗೆ 21 ರನ್ನಿಗೆ 6 ವಿಕೆಟ್. ಸ್ಪಿನ್ನರ್‌ಗಳ ಪಿಚ್ಚಿನಲ್ಲಿ, ಕೇಳುಗರೇ, ಪಂದ್ಯ ಗೆದ್ದುಕೊಟ್ಟದ್ದು ವೇಗ!

ಸಮಯ ಸರಿಯುತ್ತಿದೆ ಎಂದು ಗಾಜಿನ ಆಚೆಯಿಂದ ಕೈಸನ್ನೆ ಬರುತ್ತಿದೆ. ಬೆಂಗಳೂರಿನ ಟೈಟನ್ ಕಪ್ ಪಂದ್ಯದಲ್ಲಿ ಆಸ್ಟ್ರೇಲಿಯಾ ವಿರುದ್ಧ ಕುಂಬ್ಳೆಯವರ ಜೊತೆ ಬ್ಯಾಟ್ ಹಿಡಿದು ಗೆಲ್ಲಿಸಿದ್ದು ನಿಮಗೆಲ್ಲ ಗೊತ್ತೇ ಇದೆ, ಅದನ್ನು ಬಿಡುತ್ತೇನೆ. 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆ ಆಯಿತು. ಇನ್ನು ಮುಗಿಯಿತು ಎಂದರು. 1999ರಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ವಿರುದ್ಧ ಅದೇ ಭುಜದಿಂದ 13 ವಿಕೆಟ್ ತೆಗೆದರು. ಭಾರತ ಸೋತಿತು, ಅದು ಬೌಲರನ ತಪ್ಪಲ್ಲ. ಒಟ್ಟು 67 ಟೆಸ್ಟ್‌ಗಳಲ್ಲಿ 236 ವಿಕೆಟ್, 229 ಏಕದಿನ ಪಂದ್ಯಗಳಲ್ಲಿ 315. ಏಕದಿನ ಪಂದ್ಯಗಳಲ್ಲಿ 300 ದಾಟಿದ ಮೊದಲ ಭಾರತೀಯ ವೇಗದ ಬೌಲರ್ ಅವರು.

2003ರ ವಿಶ್ವಕಪ್ ಫೈನಲ್‌ನಲ್ಲಿ 87 ರನ್ ಕೊಟ್ಟರಲ್ಲ ಎಂದು ಈಗಲೂ ಕೆಲವರು ಕೇಳುತ್ತಾರೆ. ನನಗೆ ನಿಜಕ್ಕೂ ಬೇಸರವಾಗುತ್ತದೆ. ನಿವೃತ್ತಿಯ ಮಾತಾಡುತ್ತಿದ್ದವರನ್ನು ಗಂಗೂಲಿ ಒತ್ತಾಯಿಸಿ ಉಳಿಸಿಕೊಂಡಿದ್ದರು. ಮೂವತ್ಮೂರರ ವಯಸ್ಸಿನಲ್ಲಿ ಆ ಟೂರ್ನಿಯಲ್ಲಿ 16 ವಿಕೆಟ್ ತೆಗೆದುಕೊಟ್ಟರು. ಅದನ್ನೂ ಒಮ್ಮೆ ಕೇಳಬಾರದೇ?

ಆ ಹುಡುಗನ ತಂದೆಯೂ ಈಗ ರೇಡಿಯೊ ಕೇಳುತ್ತಿರಬಹುದು. ವೈಡ್ ಹೋದರೆ ಹೋಗಲಿ ಸ್ವಾಮಿ, ನಾನು ನೋಡಿಕೊಳ್ಳುತ್ತೇನೆ. ನಾಳೆ ಬೆಳಗ್ಗೆ ಆರಕ್ಕೆ ಅವನನ್ನು ಮೈದಾನಕ್ಕೆ ಕಳುಹಿಸಿ. ಹೊಸ ಚೆಂಡೊಂದನ್ನು ತೆಗೆದಿಟ್ಟಿದ್ದೇನೆ. ನಮಸ್ಕಾರ.